ಬೀಸುಕಲ್ಲಿನ ದೆವ್ವ ಇದ್ದ ಸಂಪುಟ

ಕಳೆದ ವಾರ ಮನೆಗೆ ಸುಣ್ಣಬಣ್ಣ ಮಾಡಿಸಲೆಂದು ಗೋಡೆ ಬೀರು ಖಾಲಿ ಮಾಡುತ್ತಿದ್ದೆ. ಕೆಳಗಿನ ಅರೆಯಲ್ಲಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಪುಸ್ತಕಗಳ ಗಂಟೊಂದಿತ್ತು. ಗಂಟು ಬಿಚ್ಚಿದೊಡನೆ ಬಜೆ ಬೇರಿನ ವಾಸನೆ ಮೂಗಿಗೆ ಬಡಿಯಿತು. ಬಜೆಯ ವಾಸನೆ ಬಂದರೆ ಬೇರೆಯವರಿಗೆ ಎಣ್ಣೆ ನೀರು ಹಾಕಿ ಮಲಗಿಸಿದ ಹಸುಗೂಸಿನ ನೆನಪಾಗುತ್ತದೆ. ನನಗೆ ಆಗುವುದು ದೆವ್ವಗಳ ನೆನಪು. ಮಧ್ಯಾಹ್ನದ ಬಿಸಿಲಲ್ಲಿ, ಜಗಲಿಯ ಮೇಲೆ ಕೇಳಿದ ದೆವ್ವಗಳು. ಜೊತೆಗೆ ಅವುಗಳ ಕಥೆಯನ್ನು ಸಾರಿನ ಪುಡಿಗೆ ಎಷ್ಟು ಧನಿಯ ಹುರಿಯಬೇಕು ಎಂದು ಹೇಳುವಷ್ಟೇ ನಿಧಾನವಾಗಿ ಹೇಳುತ್ತಿದ್ದ ಪಕ್ಕದ ಮನೆಯ ಅಕ್ಕನ ನೆನಪು.

ಬಣ್ಣ ಬಳಿಯುವವರು ಅಂದು ಅರ್ಧ ಗಂಟೆ ನನಗಾಗಿ ಕಾಯಬೇಕಾಯಿತು. ನಾನು ನೆಲದ ಮೇಲೇ ಕೂತುಬಿಟ್ಟಿದ್ದೆ...

ನಾನು ತುಮಕೂರಿನಿಂದ ಮದುವೆಯಾಗಿ ಜಯನಗರಕ್ಕೆ ಬಂದಾಗ ಐವತ್ತರ ದಶಕ ಮುಗಿಯುತ್ತ ಬಂದಿತ್ತು. ರಸ್ತೆಗಳೆಲ್ಲ ಆಗಲೇ ನೆಟ್ಟಗೆ ಗೀಟು ಎಳೆದಂತಿದ್ದವು, ಅವುಗಳ ಇಕ್ಕೆಲದಲ್ಲಿ ಮನೆಗಳು ಮಾತ್ರ ಇನ್ನೂ ಬಂದಿರಲಿಲ್ಲ. ಒಂದು ಮನೆ, ಆಮೇಲೆ ನಾಲ್ಕು ಖಾಲಿ ಸೈಟು, ಅದರ ತುಂಬ ಲಂಟಾನ, ಮೂಲೆಗೊಂದು ಗಡಿಕಲ್ಲು, ಆಮೇಲೆ ಇನ್ನೊಂದು ಮನೆ. ಬೆಳಿಗ್ಗೆ ನಮ್ಮ ಮನೆಯವರು ಊಟದ ಡಬ್ಬಿ ಹಿಡಿದು ಬಸ್ಸಿಗೆ ಹೋದರೆಂದರೆ ಸಂಜೆಯವರೆಗೆ ಮನೆಯಲ್ಲಿ ನಾನು ಮತ್ತು ನಮ್ಮತ್ತೆ. ಅತ್ತೆ ಕೆಟ್ಟವರಲ್ಲ. ಆದರೆ ಮಾತು ಕಡಿಮೆ, ಮಡಿ ಹೆಚ್ಚು. ತವರಿನಲ್ಲಿ ಐದು ಜನ ಅಕ್ಕತಂಗಿಯರ ಗಲಾಟೆಯಲ್ಲಿ ಬೆಳೆದ ನನಗೆ ಆ ಹೊಸ ಬಡಾವಣೆಯ ಮಧ್ಯಾಹ್ನಗಳು ಬಹಳ ಉದ್ದವೆನಿಸುತ್ತಿದ್ದವು.

ಪಕ್ಕದ ಮನೆ ಜವಳಿ ಅಂಗಡಿಯವರದು. ದಾವಣಗೆರೆ ಕಡೆಯ ಶೈವರು; ಯಜಮಾನರಿಗೆ ಚಿಕ್ಕಪೇಟೆಯಲ್ಲಿ ಅಂಗಡಿ. ಅವರ ಹೆಂಡತಿಗೆ ಆಗ ನಲವತ್ತೈದರ ಆಸುಪಾಸು. ರಸ್ತೆಯವರೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಎತ್ತರದ ಆಳು, ಹಣೆಯ ಮೇಲೆ ವಿಭೂತಿ, ಕಾಡಿಗೆ ಇಲ್ಲದೆಯೂ ಕಪ್ಪಾಗಿದ್ದ ಕಣ್ಣು. ಮಂಡಿ ನೋವೆಂದು ಒಂದು ಕಾಲನ್ನು ಉದ್ದಕ್ಕೆ ಚಾಚಿಯೇ ಕೂರುತ್ತಿದ್ದರು. ಓದುವ ಕನ್ನಡಕದ ಒಂದು ಕಡ್ಡಿ ಮುರಿದು ಎಷ್ಟೋ ಕಾಲವಾಗಿತ್ತು. ಅಲ್ಲಿ ದಾರ ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಗಂಡ ಹೊಸದು ಮಾಡಿಸಿಕೊಡುತ್ತೇನೆ ಎಂದರೂ ಬೇಡವೆನ್ನುತ್ತಿದ್ದರು.

ಒಂದು ದಿನ ಕಾಂಪೌಂಡಿನ ಗೋಡೆಯ ಹತ್ತಿರ ನಾನು ಸುಮ್ಮನೆ ನಿಂತಿದ್ದನ್ನು ನೋಡಿ ಕೇಳಿದರು. "ಓದ್ತೀಯೇನೇ?"

"ಓದ್ತೀನಿ ಅಕ್ಕಾ. ಇಲ್ಲಿ ಪುಸ್ತಕ ಏನೂ ಇಲ್ಲ."

"ಹೆದರಿಕೆ ಆಗುತ್ತಾ ನಿಂಗೆ?"

ಯಾಕೆ ಕೇಳುತ್ತಿದ್ದಾರೆ ಎಂದು ಗೊತ್ತಾಗದೆ, ಸ್ವಲ್ಪ ಆಗುತ್ತೆ ಎಂದೆ. "ಹಂಗಾದ್ರೆ ಒಳ್ಳೇದು, ಬಾ," ಎಂದು ಒಳಗೆ ಕರೆದುಕೊಂಡು ಹೋದರು.

ನಡುಮನೆಯ ಪಕ್ಕದ ಕೋಣೆಯಲ್ಲಿ ಗಾಜಿನ ಬಾಗಿಲಿನ ಬೀರು ಇತ್ತು. ಬೇರೆಯವರ ಮನೆಯಲ್ಲಿ ಅಂಥ ಬೀರುವಿನಲ್ಲಿ ಬೆಳ್ಳಿ ಪಾತ್ರೆ, ಗೊಂಬೆ ಇರುತ್ತವೆ. ಅಕ್ಕನ ಬೀರುವಿನಲ್ಲಿ ಇದ್ದವೆಲ್ಲ ದೆವ್ವದ ಕಥೆಗಳ ಸಂಕಲನಗಳು. ಯಾವುವೂ ಹೊಸವಲ್ಲ. ಎಲ್ಲವೂ ಅಂಗಡಿಯಲ್ಲಿ ಸಿಗುವುದು ನಿಂತುಹೋಗಿ ಎಷ್ಟೋ ವರ್ಷವಾದವು. ಯುದ್ಧಕ್ಕೆ ಮೊದಲು ಪೇಟೆಯ ಸಣ್ಣ ಮುದ್ರಣಾಲಯವೊಂದು ಊರೂರಿನ ಬರಹಗಾರರಿಂದ ಭಯದ ಕಥೆಗಳನ್ನು ತರಿಸಿ, ಒಂದೊಂದು ಸಂಪುಟಕ್ಕೆ ಹತ್ತು ಹನ್ನೆರಡರಂತೆ ಸೇರಿಸಿ, ಹಸಿರು ರಟ್ಟು ಹಾಕಿ ಮಾರುತ್ತಿತ್ತಂತೆ. ಯುದ್ಧದ ಕಾಲದಲ್ಲಿ ಕಾಗದ ಸಿಗದೆ ಮುದ್ರಣಾಲಯವೇ ಮುಚ್ಚಿತು. ಆ ಮಾಲೆಯ ಸಂಪುಟಗಳೇ ಅಕ್ಕನ ಬೀರುವಿನಲ್ಲಿ ಹೆಚ್ಚು. ಅವುಗಳ ಜೊತೆಗೆ ಬೇರೆ ಬೇರೆ ಊರಿನಲ್ಲಿ ಅಚ್ಚಾದ ಚಿಕ್ಕಪುಟ್ಟವು.

ಅವು ಸೇರಿದ ಬಗೆಯೇ ಒಂದು ಕಥೆ. ಹಳೇ ಪೇಪರ್, ಖಾಲಿ ಶೀಶೆ ಎಂದು ಕೂಗಿಕೊಂಡು ಬರುವವನನ್ನು ಅಕ್ಕ ನಿಲ್ಲಿಸಿ ಅವನ ಗೋಣಿಯನ್ನು ಜಗಲಿಯ ಮೇಲೆ ಸುರಿಸುತ್ತಿದ್ದರು. ನೆಂಟರ ಮನೆಗೆ ಮದುವೆಗೆ ಹೋದರೆ ಚಪ್ಪರಕ್ಕಿಂತ ಮೊದಲು ಅಟ್ಟ ಹತ್ತುತ್ತಿದ್ದರು. ಒಮ್ಮೆ ಜರಿ ಹೋದ ಸೀರೆ ತೆಗೆದುಕೊಂಡು ಪಾತ್ರೆ ಕೊಡುವವಳು ತನ್ನ ಪಾತ್ರೆಗಳ ನಡುವೆ ಹಸಿರು ರಟ್ಟಿನ ಪುಸ್ತಕವನ್ನು ಅವು ಅಲುಗದಂತೆ ಒತ್ತಾಗಿ ಇಟ್ಟಿದ್ದಳು. ಅಕ್ಕ ಸೀರೆ ಕೊಟ್ಟು ಪಾತ್ರೆ ಬಿಟ್ಟು ಪುಸ್ತಕ ತೆಗೆದುಕೊಂಡರು. ಆ ಹೆಂಗಸು ಆಮೇಲೆ ನಮ್ಮ ರಸ್ತೆಗೆ ಬಂದಾಗಲೆಲ್ಲ ಅಕ್ಕನ ಮನೆಯ ಮುಂದೆ ಮೆತ್ತಗೆ ನಡೆದುಹೋಗುತ್ತಿದ್ದಳು, ಇವರಿಗೆ ಏನೋ ಆಗಿದೆ ಎಂಬಂತೆ.

ತಂದ ಪುಸ್ತಕಗಳನ್ನು ಸರಿಮಾಡುವುದಕ್ಕೆ ನಾನೂ ಸೇರಿಕೊಂಡೆ. ಮೈದಾ ಗೋಂದಿಗೆ ಹುಳ ಬೀಳದಿರಲೆಂದು ಚೂರು ಮೈಲುತುತ್ತ ಹಾಕಿ ಕಾಯಿಸಬೇಕು. ಬೆನ್ನು ಬಿಟ್ಟ ಪುಸ್ತಕಕ್ಕೆ ಅಂಗಡಿಯ ತಾನಿನಲ್ಲಿ ಉಳಿದ ಬಟ್ಟೆ ಅಂಟಿಸಬೇಕು. ಒಣಗಿದ ಮೇಲೆ ನಡುವೆ ಬಜೆ ಬೇರಿಡಬೇಕು. ಈ ಪುಸ್ತಕಗಳಿಗೆ ಇದ್ದ ದೊಡ್ಡ ಕಾಯಿಲೆಯೆಂದರೆ ಕೊನೆಯ ಪುಟಗಳು ಇಲ್ಲದಿರುವುದು. ಕೈಯಿಂದ ಕೈಗೆ ಹೋಗಿ ಹೋಗಿ ಮೊದಲು ಉದುರುವುದು ಅವೇ. ಅವಳು ಬಾವಿಯ ಹತ್ತಿರ ಹೋಗಿ ಬಗ್ಗಿ ನೋಡಿದಾಗ... ಅಷ್ಟೇ, ಮುಂದೆ ರಟ್ಟು. ಅಂಥವನ್ನು ಅಕ್ಕ ಬೇರೆ ಸಾಲಿನಲ್ಲಿ ನಿಲ್ಲಿಸಿದ್ದರು. ಇನ್ನೊಂದು ಪ್ರತಿ ಸಿಕ್ಕಿ ಅದರಲ್ಲಿ ಕೊನೆ ಇದ್ದರೆ ಆ ಪುಸ್ತಕ ಮೇಲಿನ ಸಾಲಿಗೆ ಹೋಗುತ್ತಿತ್ತು. ಆ ದಿನ ಅವರು ಪಾಯಸ ಮಾಡುತ್ತಿದ್ದದ್ದೂ ಉಂಟು.

ನಮ್ಮತ್ತೆಗೆ ಇದೊಂದೂ ಹಿಡಿಸಲಿಲ್ಲ. ನಾನು ಮೊದಲ ಪುಸ್ತಕ ಮನೆಗೆ ತಂದ ದಿನವೇ ಬಾಗಿಲಲ್ಲಿ ತಡೆದರು. "ದೆವ್ವದ ಪುಸ್ತಕ ಒಳಗಿಟ್ಕೊಳ್ಳೋದೂ ಒಂದೇ, ದೆವ್ವಕ್ಕೆ ಮನೆ ಅಡ್ರೆಸ್ ಕೊಡೋದೂ ಒಂದೇ. ಅಲ್ಲೇ ಓದಿ ಅಲ್ಲೇ ಇಟ್ಟು ಬಾ."

ಹಾಗಾಗಿ ಓದು ಅಕ್ಕನ ಜಗಲಿಗೆ ಹೋಯಿತು. ಊಟವಾಗಿ ಮುಸುರೆ ತೊಳೆದ ಮೇಲೆ, ಬಿಸಿಲು ಚೆನ್ನಾಗಿರುವಾಗ. ನಾಲ್ಕಾರು ಮನೆಯ ಹೆಂಗಸರು ಸೇರುತ್ತಿದ್ದರು. ಅಕ್ಕ ಓದುತ್ತ ಓದುತ್ತ ಪುಸ್ತಕ ತೊಡೆಯ ಮೇಲಿಟ್ಟು ಬಾಯಲ್ಲೇ ಹೇಳತೊಡಗುತ್ತಿದ್ದರು. ಹೆದರಿಕೆ ಹೆಚ್ಚುವ ಜಾಗ ಬಂದಷ್ಟೂ ಅವರ ದನಿ ತಗ್ಗುತ್ತಿತ್ತು; ನಾವೆಲ್ಲ ಮುಂದಕ್ಕೆ ಬಗ್ಗುತ್ತಿದ್ದೆವು. ಅತ್ತೆ ಕೆಲವು ದಿನ ನೋಡಿದರು. ಆಮೇಲೆ ಅಕ್ಕಿ ಆರಿಸುವ ಮೊರ ಹಿಡಿದು ನಮ್ಮ ಕಡೆ ಬೆನ್ನು ಹಾಕಿ, ಅದೇ ಜಗಲಿಯ ತುದಿಯಲ್ಲಿ ಕೂರತೊಡಗಿದರು. ತಮಗೆ ಅಲ್ಲಿ ಬೆಳಕು ಚೆನ್ನಾಗಿದೆ ಎಂದರು. ಒಂದು ಮಧ್ಯಾಹ್ನ ಕೊನೆಯ ಪುಟವಿಲ್ಲದ ಕಥೆಯೊಂದನ್ನು ಓದಿ ಅಕ್ಕ ನಿಲ್ಲಿಸಿದಾಗ, ತಿರುಗದೆಯೇ ಕೇಳಿದರು.

"ಆ ಬಾವಿ ಹತ್ರ ಹೋದವಳು ವಾಪಸ್ ಬಂದ್ಲೋ ಇಲ್ವೋ? ಅದನ್ನಾದ್ರೂ ಹೇಳ್ರೀ."

"ಪುಟ ಇಲ್ವಲ್ಲ ಇದ್ರಲ್ಲಿ," ಎಂದು ಅಕ್ಕ ನಕ್ಕರು. "ನೀವೇ ಹೇಳಿ, ಬಂದ್ಲಾ?"

ಅತ್ತೆ ಒಂದು ಕಲ್ಲು ಹೆಕ್ಕಿ ಎಸೆದು, "ಬಂದ್ಲು. ಮನೇಲಿ ಹಾಲು ಒಲೆ ಮೇಲಿತ್ತಲ್ಲ, ಬರದೆ ಏನ್ಮಾಡ್ತಾಳೆ," ಎಂದರು. ಅಂದಿನಿಂದ ಅವರು ಮೊರವನ್ನು ನಮ್ಮ ಕಡೆ ತಿರುಗಿಸಿ ಕೂತರು.

ಆ ಮಾಲೆಯಲ್ಲಿ ಒಂದು ಸಂಪುಟ ಮಾತ್ರ ಅಕ್ಕನ ಬಳಿ ಇರಲಿಲ್ಲ. ಕೊನೆಯಿಲ್ಲದ ಪ್ರತಿಯೂ ಇಲ್ಲ, ಹರಿದ ಪ್ರತಿಯೂ ಇಲ್ಲ. ಮೇಲಿನ ಸಾಲಿನಲ್ಲಿ ಅದಕ್ಕೆಂದು ಒಂದು ಪುಸ್ತಕದಷ್ಟು ಜಾಗ ಬಿಟ್ಟಿದ್ದರು. ನಾನು ಧೂಳು ಒರೆಸುವಾಗ ಪುಸ್ತಕಗಳನ್ನು ಒತ್ತರಿಸಿ ಆ ಜಾಗ ಮುಚ್ಚಿಬಿಟ್ಟರೆ ಬಂದು ಮತ್ತೆ ಬಿಡಿಸುತ್ತಿದ್ದರು. ಒಮ್ಮೆ ಗೋಂದು ಹಚ್ಚುತ್ತ ಕೂತಿದ್ದಾಗ ಕೇಳಿದೆ. ಎಲ್ಲ ಸಿಕ್ಕಿವೆಯಲ್ಲ ಅಕ್ಕಾ, ಅದೊಂದಕ್ಕೆ ಯಾಕೆ ಇಷ್ಟು?

ಅವರು ಪುಸ್ತಕದ ಬೆನ್ನಿಗೆ ಬಟ್ಟೆ ಒತ್ತಿದರು. ಆಮೇಲೆ, "ಅದರಲ್ಲಿ ನಂದೊಂದು ಕಥೆ ಇದೆ ಕಣೇ," ಎಂದರು.

ಮದುವೆಗೆ ಮೊದಲು, ತಂದೆಯ ಮನೆಯಲ್ಲಿದ್ದಾಗ ಬರೆದದ್ದಂತೆ. ಓದುಬರಹ ಕಲಿಸಿದ ಅಣ್ಣ ಅದನ್ನು ಮೆಚ್ಚಿ, ಹುಡುಗಿಯ ಹೆಸರಿನಲ್ಲಿ ಕಳಿಸಿದರೆ ಹಾಕುತ್ತಾರೋ ಇಲ್ಲವೋ ಎಂದು ತನ್ನ ಹೆಸರು ಬರೆದು ಕಳಿಸಿದ. ಅಚ್ಚಾಗಿ ಬಂತು. ಅಣ್ಣ ಸಂತೋಷಕ್ಕೆ ಮನೆಯಲ್ಲಿ ನಿಜ ಹೇಳಿಬಿಟ್ಟ. ಆಗ ಅಕ್ಕನಿಗೆ ಗಂಡು ಗೊತ್ತುಮಾಡುವ ಮಾತು ನಡೆಯುತ್ತಿತ್ತು. ಹುಡುಗಿ ದೆವ್ವದ ಕಥೆ ಬರೆಯುತ್ತಾಳೆ ಎಂದು ಹೊರಗೆ ಗೊತ್ತಾದರೆ, ಹುಡುಗಿಗೇ ದೆವ್ವ ಹಿಡಿದಿದೆ ಎನ್ನುತ್ತಾರೆ ಎಂದು ತಂದೆ ಪುಸ್ತಕವನ್ನು ನೀರೊಲೆಗೆ ಹಾಕಿದರು.

"ಸಿಟ್ಟಿಂದ ಹಾಕ್ಲಿಲ್ಲ. ಹೆದರಿಕೊಂಡು ಹಾಕಿದ್ರು. ಅದಕ್ಕೇ ನಂಗೆ ಜಗಳ ಆಡಕ್ಕೂ ಆಗ್ಲಿಲ್ಲ. ನಾನು ಒಂದೇ ಸಲ ಓದಿದ್ದೆ, ಅದೂ ಅವಸರದಲ್ಲಿ." ಅಕ್ಕ ಬ್ರಷ್ಷನ್ನು ಬಟ್ಟಲಿನ ಅಂಚಿಗೆ ಒರೆಸಿದರು. "ಇವರಿಗೂ ಹೇಳಿಲ್ಲ. ಏನಂತ ಹೇಳ್ಲಿ, ತೋರಿಸಕ್ಕೆ ಪುಸ್ತಕ ಬೇಡ್ವಾ? ಅದನ್ನ ಹುಡುಕ್ತಾ ಹೋಗಿ ಇವೆಲ್ಲ ಸೇರಿದ್ವು. ಆಮೇಲೆ ಇವೂ ಇಷ್ಟ ಆದ್ವು ಅನ್ನು."

ಕಥೆ ಏನು ಎಂದು ಕೇಳಿದೆ. ಬೀಸುಕಲ್ಲು ತಾನಾಗಿ ತಿರುಗುವ ಮನೆಯೊಂದರ ಕಥೆ ಎಂದಷ್ಟೇ ಹೇಳಿದರು. ಪೂರ್ತಿ ಹೇಳಲು ಒಪ್ಪಲಿಲ್ಲ. ಅರ್ಧಂಬರ್ಧ ನೆನಪಿನಿಂದ ಹೇಳಿ ಅದನ್ನು ಕೆಡಿಸಲಾರೆ, ಆಗ ಬಹಳ ಚೆನ್ನಾಗಿ ಬರೆದಿದ್ದೆ ಎಂದರು. ಹಾಗೆನ್ನುವಾಗ ಅವರ ಮುಖದಲ್ಲಿ ಮದುವೆಯಾಗದ ಹುಡುಗಿಯೊಬ್ಬಳು ಕಂಡಳು...

ಮುಂದಿನ ಚಳಿಗಾಲದಲ್ಲಿ, ಅವರೆಕಾಯಿ ಬರುವ ಹೊತ್ತಿಗೆ, ನಡೆದದ್ದು ಇದು. ಉತ್ತರಹಳ್ಳಿಯಿಂದ ಸೊಪ್ಪು, ಅವರೆಕಾಯಿ ಹೊತ್ತು ನಮ್ಮ ರಸ್ತೆಗೆ ಒಬ್ಬ ಹೆಂಗಸು ಬರುತ್ತಿದ್ದಳು. ವ್ಯಾಪಾರ ಮುಗಿದ ಮೇಲೆ ಬುಟ್ಟಿ ಇಳಿಸಿ, ಒಂದು ಲೋಟ ಮಜ್ಜಿಗೆ ಕುಡಿದು, ಅವಳೂ ಜಗಲಿಯ ಮೆಟ್ಟಿಲಲ್ಲಿ ಕೂತು ಕಥೆ ಕೇಳುತ್ತಿದ್ದಳು. ಅಂದು ಕಥೆ ಮುಗಿದಾಗ ಅವಳೆಂದಳು.

"ಇಂತಾದ್ದೇ ಹಸಿರು ಪುಸ್ತಕ ನಮ್ಮೂರ ಗೌಡ್ರ ಮನೇಲೂ ಐತೆ ಕಣಕ್ಕ. ಅವರೆಬೇಳೆ ಹಿತುಕುವಾಗ ಆ ಗೌಡಮ್ಮ ಕತೆ ಹೇಳ್ತಾರೆ. ಬೀಸೋಕಲ್ಲಿನ ದೆವ್ವ ಅಂತ ಒಂದೈತೆ. ಕೇಳ್ಬೇಕು ನೀವು."

ಅಕ್ಕ ಕನ್ನಡಕ ತೆಗೆಯುತ್ತಿದ್ದವರು ಹಾಗೇ ನಿಲ್ಲಿಸಿದರು. ಕಿವಿಯ ದಾರ ಕೈಯಲ್ಲೇ ಉಳಿಯಿತು. ನನ್ನ ಕಡೆ ನೋಡಿದರು. ನಾನೂ ನೋಡಿದೆ. ಅತ್ತೆಗೆ ಮಾತ್ರ ನಾವಿಬ್ಬರೂ ಯಾಕೆ ಹೀಗೆ ನೋಡಿಕೊಳ್ಳುತ್ತಿದ್ದೇವೆ ಎಂದು ತಿಳಿಯಲಿಲ್ಲ.

ಎರಡು ದಿನ ಬಿಟ್ಟು ಹೊರಟೆವು. ಬನಶಂಕರಿ ಅಮ್ಮನ ದರ್ಶನಕ್ಕೆ ಎಂದು ಅಕ್ಕ ಗಂಡನಿಗೆ ಹೇಳಿದರು. ಸುಳ್ಳಾಗಬಾರದೆಂದು ಮೊದಲು ಗುಡಿಗೇ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿದೆವು. ಸೊಪ್ಪಿನವಳು ಅಲ್ಲಿ ಕಾಯುತ್ತಿದ್ದಳು. ಅವಳ ಊರಿನ ಎತ್ತಿನ ಗಾಡಿಯೊಂದು ಹಿಂದಕ್ಕೆ ಹೊರಟಿತ್ತು, ಹತ್ತಿಕೊಂಡೆವು. ಆಗ ಗುಡಿ ದಾಟಿದರೆ ಹೊಲಗಳೇ. ಪದ್ಮನಾಭನಗರ ಎಂಬ ಹೆಸರೇ ನಾವು ಕೇಳಿರಲಿಲ್ಲ. ಕಟಾವಾದ ರಾಗಿ ಹೊಲದಲ್ಲಿ ಅವರೆ ಸಾಲು ಹೂ ಕಾಯಿ ತುಂಬಿ ನಿಂತಿತ್ತು. ಆ ಸೊಗಡು ದಾರಿಯುದ್ದಕ್ಕೂ ಬಂತು. ಅಕ್ಕ ಗಾಡಿಯ ಗೂಟ ಹಿಡಿದು ಕೂತಿದ್ದರು. "ಆ ಪುಸ್ತಕ ಅಲ್ಲದೆ ಹೋದ್ರೆ?" ಎಂದು ಒಮ್ಮೆ ಕೇಳಿದರು. ಸ್ವಲ್ಪ ದೂರ ಹೋದ ಮೇಲೆ, "ಅದೇ ಆಗಿದ್ರೆ?" ಎಂದರು. ಎರಡನೆಯದಕ್ಕೇ ಅವರು ಹೆಚ್ಚು ಹೆದರಿದ್ದಂತೆ ಕಂಡಿತು.

ಗೌಡರ ಮನೆ ದೊಡ್ಡ ಹಜಾರದ ಮನೆ. ಹಜಾರದಲ್ಲಿ ನೆನೆಸಿದ ಅವರೆಯ ಪಾತ್ರೆ ನಡುವೆ ಇಟ್ಟುಕೊಂಡು ಹೆಂಗಸರು ಬೇಳೆ ಹಿತುಕುತ್ತಿದ್ದರು. ಯಜಮಾನಿ ಅಕ್ಕನಿಗಿಂತ ಸ್ವಲ್ಪ ದೊಡ್ಡವರು, ಸಣ್ಣ ದೇಹ, ತುಂಬಾ ಚುರುಕು ಕೈ. ನಾವು ಬಂದ ಕಾರಣ ಸೊಪ್ಪಿನವಳು ಹೇಳಿದಳು. "ಬನ್ನಿ ಅವ್ವಾ, ಕುಂತ್ಕಳಿ. ಪುಸ್ತಕ ಎಲ್ಲಿಗೂ ಓಗಾಕಿಲ್ಲ. ಮೊದ್ಲು ಕೈ ಹಚ್ಚಿ," ಎಂದರು. ನಾವೂ ಕೂತು ಅವರೆ ಹಿತುಕಿದೆವು.

ಪುಸ್ತಕ ಅವರ ಮೈದುನ ಪೇಟೆಯಲ್ಲಿ ಓದುತ್ತಿದ್ದಾಗ ತಂದದ್ದಂತೆ. ಪ್ರತಿ ವರ್ಷ ಅವರೆ ಕಾಲದಲ್ಲಿ ಅವನು ಓದಿ ಹೇಳುತ್ತಿದ್ದ. ಅವನು ಕೆಲಸ ಸಿಕ್ಕಿ ದೂರದ ಊರಿಗೆ ಹೋದ ಮೇಲೆ ಓದುವವರಿಲ್ಲ. "ನಂಗೆ ಓದಾಕೆ ಬರಾಕಿಲ್ಲ. ಕಿವಿಯಾಗೆ ಇದ್ದದ್ದನ್ನೇ ಹೇಳ್ತೀನಿ." ಅಕ್ಕ ಮೆಲ್ಲಗೆ, ಹಾಗಾದರೆ ಬೀಸುಕಲ್ಲಿನದು ಹೇಳಿ ಎಂದರು.

ಗೌಡಮ್ಮ ಹೇಳಿದರು. ಒಂದು ಮನೆಗೆ ಎರಡನೇ ಹೆಂಡತಿಯಾಗಿ ಹುಡುಗಿಯೊಬ್ಬಳು ಬರುತ್ತಾಳೆ. ಮೊದಲನೆಯವಳು ಕೆಲಸ ಮಾಡಿ ಮಾಡಿಯೇ ಸತ್ತಿದ್ದಾಳೆ. ಬೆಳಗಿನ ಜಾವ ಏಳುವುದಕ್ಕೆ ಹೊಸಬಳು ಹೆದರುತ್ತಾಳೆ, ಅಷ್ಟು ರಾಗಿ ಬೀಸಬೇಕು. ಆದರೆ ಎದ್ದು ನೋಡಿದರೆ ಹಿಟ್ಟು ಆಗಲೇ ಸಿದ್ಧ. ದಿನಾ ಹೀಗೇ. ಒಂದು ದಿನ ಬೇಗ ಎದ್ದು ಬಾಗಿಲ ಸಂದಿಯಿಂದ ನೋಡುತ್ತಾಳೆ. ಬೀಸುಕಲ್ಲು ತಿರುಗುತ್ತಿದೆ, ಗೂಟದ ಮೇಲೆ ಬಳೆಯಿರುವ ಕೈ, ಕೈಗೆ ಮೈಯಿಲ್ಲ. ಹುಡುಗಿ ಓಡುವುದಿಲ್ಲ. ಎದುರಿಗೆ ಹೋಗಿ ಕೂತು, ಗೂಟದ ಇನ್ನೊಂದು ಮಗ್ಗುಲು ಹಿಡಿದು ಕೇಳುತ್ತಾಳೆ. ಅಕ್ಕಾ, ಸತ್ತ ಮೇಲೂ ನಿಂಗೆ ಸಾಕಾಗ್ಲಿಲ್ವಾ?

ಆ ಮಾತು ಬಂದಾಗ ಹಜಾರದಲ್ಲಿ ಯಾರ ಕೈಯೂ ಆಡುತ್ತಿರಲಿಲ್ಲ. ಎಷ್ಟೋ ಸಲ ಕೇಳಿದವರೇ ಎಲ್ಲರೂ.

"ಪುಸ್ತಕ್ದಾಗೆ ಆಮೇಲೆ ಒಬ್ಬ ಮಂತ್ರವಾದಿ ಬತ್ತಾನೆ," ಎಂದರು ಗೌಡಮ್ಮ. "ಅವನ್ನ ನಾವು ಬುಟ್ಬುಟ್ವಿ."

"ಯಾಕೆ?" ಎಂದು ಅಕ್ಕ ಕೇಳಿದರು.

"ಬಂದು ಹುಣಸೆಮರಕ್ಕೆ ಮೊಳೆ ಹೊಡೀತಾನೆ, ದೆವ್ವ ಕಟ್ಟಾಕ್ತಾನೆ. ಹಿಟ್ಟು ಬೀಸಿ ಕೊಟ್ಟೋಳ್ಗೆ ಮೊಳೆ ಯಾಕವ್ವಾ ಹೊಡೀಬೇಕು?" ಹೆಂಗಸರೆಲ್ಲ ಹೌದು ಹೌದೆಂದು ತಲೆ ಆಡಿಸಿದರು. ಗೌಡಮ್ಮ ಮತ್ತೆ ಅವರೆಗೆ ಕೈ ಹಾಕಿದರು. "ಆದ್ರೂ ಬರ್ದೋನು ಯಾರೋ ಪುಣ್ಯಾತ್ಮ. ಹೆಣ್ಮಕ್ಳ ರಟ್ಟೆ ನೋವು ಗೊತ್ತಿರೋ ಗಂಡ್ಸು."

ನಾನು ಅಕ್ಕನ ಕಡೆ ನೋಡಲಿಲ್ಲ. ನೋಡಿದರೆ ಅವರು ಹೇಳದೆ ಹೋಗುತ್ತಾರೇನೋ ಎನಿಸಿತು. ಅವರೆಯ ನೀರು ಮೊಣಕೈಯವರೆಗೆ ಇಳಿಯುತ್ತಿತ್ತು ಅವರಿಗೆ, ಅದನ್ನು ಒರೆಸಿಕೊಂಡರು.

"ಗಂಡಸಲ್ಲ ಕಣಮ್ಮ. ಅದನ್ನ ಬರೆದದ್ದು ನಾನು. ಹೆಸರು ನಮ್ಮಣ್ಣಂದು."

ಗೌಡಮ್ಮ ನಂಬಲಿಲ್ಲ ಎಂದುಕೊಂಡೆ. ಅವರು ಅಕ್ಕನ ಮುಖವನ್ನೇ ನೋಡಿದರು. ಆಮೇಲೆ ಅವರ ಕೈ ನೋಡಿದರು. ಕೊನೆಗೆ ತಟ್ಟೆ ಪಕ್ಕಕ್ಕೆ ಸರಿಸಿ ಹತ್ತಿರ ಬಂದು ಕೂತರು.

"ಅಂಗಾದ್ರೆ ಒಂದು ಕೇಳ್ತೀನಿ, ಹೇಳ್ಬೇಕು. ಆ ಮೊದಲ್ನೇ ಹೆಂಡ್ರು ಆಮೇಲೆ ಎಲ್ಲಿಗೆ ಓದ್ಲು? ನಮ್ಮ ಮೈದ್ನನ್ನ ಕೇಳ್ದೆ, ಪುಸ್ತಕ್ದಾಗೆ ಇಲ್ಲ ಅಂದ. ಬರ್ದೋರಿಗೆ ಗೊತ್ತಿರ್ತೈತಲ್ಲ."

ಅಕ್ಕನಿಗೆ ಗೊತ್ತಿರಲಿಲ್ಲ. ಅವರು ಬರೆದ ಕಥೆಯಲ್ಲಿ ಅವಳು ಹುಣಸೆಮರದಲ್ಲಿದ್ದಳು, ಮೊಳೆಯ ಕೆಳಗೆ. ಆ ಮೊಳೆಯನ್ನು ಈ ಹೆಂಗಸರು ಎಂದೋ ಕಿತ್ತುಹಾಕಿದ್ದರು. ಈಗ ಎಲ್ಲರೂ ಕಾಯುತ್ತಿದ್ದಾರೆ. ಅಕ್ಕ ಮಂಡಿ ನೋವಿನ ಕಾಲನ್ನು ಚಾಚಿ, ದನಿ ತಗ್ಗಿಸಿ, ಶುರುಮಾಡಿದರು.

ತವರಿಗೆ ಹೋದಳು ಎಂದರು. ಕತ್ತಲಲ್ಲಿ ಹೋದರೆ ಜನ ಹೆದರುತ್ತಾರೆಂದು ಹಗಲು ಹೊತ್ತಿನಲ್ಲಿ, ಸಂತೆಗೆ ಹೋಗುವವರ ಜೊತೆ ನಡೆದುಕೊಂಡು ಹೋದಳು. ಹಗಲಲ್ಲಿ ದೆವ್ವ ಇರುತ್ತದೆಂದು ಯಾರೂ ನೋಡುವುದಿಲ್ಲವಲ್ಲ. ತವರಿನಲ್ಲಿ ತಾಯಿಗೆ ವಯಸ್ಸಾಗಿ ಕಣ್ಣು ಹೋಗಿತ್ತು. ಮಗಳು ಬಂದು ಪಕ್ಕದಲ್ಲಿ ಕೂತಳು. ತಾಯಿ ಗಾಳಿಯಲ್ಲಿ ಕೈಯಾಡಿಸಿ, ರಾಗಿ ಹಿಟ್ಟಿನ ವಾಸನೆ ಹಿಡಿದು, ಬಂದ್ಯಾ ಎಂದಳು. ಬಂದೆ ಎಂದಳು ಮಗಳು. ಅಲ್ಲಿಗೆ ಹೋಗಿ ಯಾಕೆ ಒಣಗಿಹೋದೆ ಎಂದು ತಾಯಿ ಕೇಳಲಿಲ್ಲ. ಚಾಪೆ ಹಾಕಿದ್ದೀನಿ, ಮಲಗು ಎಂದಳು. ಅಂದು ಆ ಮನೆಯಲ್ಲಿ ಯಾರೂ ಬೀಸಲಿಲ್ಲ, ಕುಟ್ಟಲಿಲ್ಲ. ಪಕ್ಕದ ಮನೆಯಿಂದ ಹಿಟ್ಟು ಕಡ ತಂದು ಮುದ್ದೆ ಮಾಡಿದರು...

ಹೀಗೆ ಬರೆದರೆ ಅದು ಏನೂ ಅಲ್ಲ. ಅಕ್ಕ ಹೇಳಿದ್ದು ಬೇರೆ. ಮಧ್ಯೆ ಎಲ್ಲಿ ನಿಲ್ಲಿಸಿದರು, ಯಾವಾಗ ಗೌಡಮ್ಮನ ಕಡೆ ನೋಡಿದರು... ಚಾಪೆಯ ಮಾತು ಬಂದಾಗ ಗೌಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಸದ್ಯ. ಮಲಿಕ್ಕಂಡ್ಲಲ್ಲ, ಅಷ್ಟು ಸಾಕು," ಎಂದರು. ಸ್ವಂತ ಮನೆಯ ಹುಡುಗಿಯೊಬ್ಬಳ ಸುದ್ದಿ ಬಂದಂತೆ ಇತ್ತು ಅವರ ಮುಖ.

ಹೊರಡುವಾಗ ಒಳಗಿನ ಗೂಡಿನಿಂದ ಪುಸ್ತಕ ತಂದುಕೊಟ್ಟರು. ಅದೇ ಸಂಪುಟ. ಹಸಿರು ರಟ್ಟು ಹೊಗೆ ಹಿಡಿದು ಕಪ್ಪಾಗಿತ್ತು, ಆದರೆ ಒಂದು ಪುಟವೂ ಹೋಗಿರಲಿಲ್ಲ. ಅಕ್ಕ ಬೇಡವೆಂದರು, ನಿಮ್ಮ ಮನೆಯದು ಎಂದರು. "ನಮ್ಗೆ ಬಾಯಲ್ಲೈತೆ. ಕಾಗ್ದ ಇಟ್ಕಂಡು ಏನ್ ಮಾಡಣ. ತವರಿಗೆ ಕಳಿಸ್ತಾ ಇವ್ನಿ ಅಂದ್ಕಳಿ," ಎಂದು ಗೌಡಮ್ಮ ಪುಸ್ತಕದ ಮೇಲೆ ಅರಿಶಿನ ಕುಂಕುಮ ಇಟ್ಟು ಮಡಿಲಿಗೆ ಹಾಕಿದರು. ಜೊತೆಗೆ ಒಂದು ಪಾತ್ರೆ ಹಿತುಕಿದ ಬೇಳೆ.

ಹಿಂದಕ್ಕೆ ಬರುವಾಗ ಅಕ್ಕ ಗಾಡಿಯಲ್ಲೇ ಓದಿದರು. ಓದುತ್ತ ಹೋದಂತೆ ಅವರ ಹುಬ್ಬು ಮೇಲೇರಿತು. ಮುಗಿಸಿ ನನ್ನ ಕೈಗೆ ಕೊಟ್ಟರು. ನಾನೂ ಓದಿದೆ. ಏನು ಹೇಳುವುದು... ಮೊದಲ ಪುಟ ಪೂರ್ತಿ ಸೂರ್ಯಾಸ್ತದ ವರ್ಣನೆ. ಹುಡುಗಿಗೆ ತಾವರೆಯ ಕಣ್ಣು. ದೆವ್ವ ಗ್ರಂಥದ ಕನ್ನಡದಲ್ಲಿ ಮಾತಾಡುತ್ತದೆ. ಆ ಒಂದು ಮಾತು, ಸತ್ತ ಮೇಲೂ ಸಾಕಾಗಲಿಲ್ಲವೇ ಎಂಬುದು, ಅದರಲ್ಲಿ ಎಲ್ಲೂ ಇರಲಿಲ್ಲ. ಬೀಸುಕಲ್ಲು, ಬಳೆಯ ಕೈ, ಮಂತ್ರವಾದಿ, ಇಷ್ಟು ಮಾತ್ರ ಇತ್ತು. ಉಳಿದದ್ದನ್ನೆಲ್ಲ ಆ ಹಜಾರದವರು ಒಂದೊಂದು ಚಳಿಗಾಲಕ್ಕೆ ಒಂದೊಂದಾಗಿ ಸೇರಿಸಿದ್ದರು.

ಅಕ್ಕನಿಗೆ ನೋವಾಯಿತೇನೋ ಎಂದು ಹೆದರಿ ತಲೆಯೆತ್ತಿದರೆ, ಅವರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಗಾಡಿಯವನು ತಿರುಗಿ ನೋಡುವಷ್ಟು ನಕ್ಕರು.

"ಇದಕ್ಕೇನೇ ಇಷ್ಟು ವರ್ಷ ಅಟ್ಟ ಹತ್ತಿದ್ದು ನಾನು. ತಾವರೆ ಕಣ್ಣಂತೆ."

ಕಣ್ಣು ಒರೆಸಿಕೊಂಡು ಪುಸ್ತಕವನ್ನು ಮತ್ತೆ ಮಡಿಲಲ್ಲಿ ಇಟ್ಟುಕೊಂಡರು. "ನಾನು ಬರೀ ಬಿತ್ತನೆ ರಾಗಿ ಕೊಟ್ಟಿದ್ದೆ ಕಣೇ. ಬೆಳೆ ಎಲ್ಲ ಆಯಮ್ಮಂದು." ಆ ಮಾತಿನಲ್ಲಿ ನಿರಾಸೆ ಇರಲಿಲ್ಲ. ಹೊರೆ ಇಳಿಸಿದವರು ಬೆನ್ನು ನೆಟ್ಟಗೆ ಮಾಡುವಂತೆ ಕೂತಿದ್ದರು.

ಅಂದು ಸಂಜೆ ಅಂಗಡಿಯಿಂದ ಬಂದ ಯಜಮಾನರಿಗೆ ಎಲ್ಲವನ್ನೂ ಹೇಳಿದರಂತೆ. ಮರುದಿನ ನನಗೆ ತಿಳಿಸಿದರು. ಯಜಮಾನರು ಕಥೆಯನ್ನು ಪೂರ್ತಿ ಓದಿಸಿ ಕೇಳಿದರು. ಕೇಳಿ, "ಈ ಮಂತ್ರವಾದಿ ಯಾಕೆ ಬೇಕಿತ್ತು?" ಎಂದರು. ಆಮೇಲೆ ಪುಸ್ತಕ ತಿರುಗಿಸಿ, "ನಿನ್ನ ಹೆಸರೆಲ್ಲಿ?" ಎಂದರು. ಇಲ್ಲ ಎಂದರು ಅಕ್ಕ. ಆ ವಾರ ಅಂಗಡಿಯಿಂದ ಹಸಿರು ರೇಷ್ಮೆ ಖಣವೊಂದನ್ನು ತಂದು, ಇದಕ್ಕೆ ಒಳ್ಳೇ ಹೊದಿಕೆ ಹಾಕು ಎಂದು ಮುಂದಿಟ್ಟರು. ಮದುವೆಯಾದಾಗಿನಿಂದ ಅವರು ತಂದ ಎಷ್ಟೋ ಸೀರೆಗಳಿಗಿಂತ ಆ ಖಣವನ್ನೇ ಅಕ್ಕ ಹೆಚ್ಚು ಜನಕ್ಕೆ ತೋರಿಸಿದರು.

ಮೇಲಿನ ಸಾಲಿನ ಜಾಗ ತುಂಬಿತು. ಪುಸ್ತಕ ಹುಡುಕುವುದು ಮಾತ್ರ ನಿಲ್ಲಲಿಲ್ಲ; ಗೋಣಿ ಸುರಿಸುವುದು, ಅಟ್ಟ ಹತ್ತುವುದು ಹಾಗೇ ನಡೆಯಿತು. ಗೌಡಮ್ಮ ಪ್ರತಿ ಅವರೆ ಕಾಲದಲ್ಲಿ ಒಮ್ಮೆ ನಮ್ಮ ರಸ್ತೆಗೆ ಬರುತ್ತಿದ್ದರು. ಬಂದು ಜಗಲಿಯಲ್ಲಿ ಕೂತೊಡನೆ, "ಆಮೇಲೆ ಅವಳು ಏನ್ ಮಾಡಿದ್ಲು?" ಎಂದು ಕೇಳುತ್ತಿದ್ದರು. ಆ ಸತ್ತ ಹೆಂಗಸು ನಿದ್ದೆಯಿಂದ ಎದ್ದದ್ದು, ತಾಯಿಯ ತಲೆ ಬಾಚಿದ್ದು, ಜಾತಕ ಹೇಳಿ ಹೆದರಿಸುವ ಜೋಯಿಸರ ಬೆನ್ನ ಹಿಂದೆ ನಿಂತು ಕೆಮ್ಮಿದ್ದು, ಒಂದೊಂದು ವರ್ಷ ಒಂದೊಂದು. ನಮ್ಮತ್ತೆ ಗೌಡಮ್ಮನ ಪಕ್ಕದಲ್ಲೇ ಕೂತು, ನಡುನಡುವೆ ತಿದ್ದುತ್ತಿದ್ದರು. ಬರೆದಿಡಿ ಅಕ್ಕಾ ಎಂದು ನಾನು ಹೇಳಿದ್ದುಂಟು. "ಬರೆದ್ರೆ ಮತ್ತೆ ತಾವರೆ ಕಣ್ಣು ಬರುತ್ತೆ," ಎನ್ನುತ್ತಿದ್ದರು. ನಾನಾದರೂ ಬರೆದುಕೊಳ್ಳಬಹುದಿತ್ತು. ಅವರು ಹೇಳುತ್ತಿರುವಾಗ ಕೇಳುವುದು ಬಿಟ್ಟು ಬರೆಯಬೇಕೆಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ಅರವತ್ತರ ದಶಕದ ಕೊನೆಯಲ್ಲಿ ಯಜಮಾನರು ಅಂಗಡಿಯನ್ನು ತಮ್ಮನಿಗೆ ಬಿಟ್ಟು ದಾವಣಗೆರೆಗೆ ಹೊರಟರು. ಅಕ್ಕ ಪುಸ್ತಕಗಳನ್ನೆಲ್ಲ ನಮ್ಮ ಮನೆಗೆ ತಂದುಕೊಟ್ಟರು. ಅಷ್ಟು ವರ್ಷದ ಹಿಂದೆ ಒಂದು ಪುಸ್ತಕವನ್ನು ಬಾಗಿಲಲ್ಲಿ ತಡೆದಿದ್ದ ಅತ್ತೆಯೇ ಗೋಡೆ ಬೀರು ಖಾಲಿ ಮಾಡಿಸಿ, ದೇವರ ಮನೆಗೆ ಬೆನ್ನಾಗದ ಹಾಗೆ ಜೋಡಿಸಿಟ್ಟರು. ಕೆಲವು ವರ್ಷ ಕಾಗದ ಬರುತ್ತಿದ್ದವು, ಆಮೇಲೆ ಅವರ ಮನೆಯವರಿಂದ ಒಂದು ಕಾರ್ಡು ಬಂತು... ಗೌಡಮ್ಮನಿಗೆ ಸುದ್ದಿ ಹೇಳಲೆಂದು ನಾನು ಉತ್ತರಹಳ್ಳಿಗೆ ಹೋದೆ. ಅವರು ಕೇಳಿ, "ಇನ್ನು ಅವಳು ಎಲ್ಲಿಗೆ ಓಗ್ತಾಳೋ," ಎಂದರು. ಯಾರನ್ನು ಕುರಿತು ಹೇಳಿದರೋ ನಾನು ಕೇಳಲಿಲ್ಲ. ಈಗ ಅವರೂ ಇಲ್ಲ, ನಮ್ಮತ್ತೆಯೂ ಇಲ್ಲ.

ಮೊನ್ನೆ ಬೆಳಿಗ್ಗೆ ಪಾರ್ಕಿನಲ್ಲಿ, ನಡೆದು ಸುಸ್ತಾಗಿ ಕೂತಿದ್ದಾಗ, ನನ್ನ ವಯಸ್ಸಿನ ಗೆಳತಿಯರಿಗೆ ಈ ಕಥೆ ಹೇಳಿದೆ. ದನಿ ತಗ್ಗಿಸಿಯೂ ನೋಡಿದೆ. ಒಬ್ಬರಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ಜೋರಾಗಿ ಹೇಳ್ರೀ ಎಂದರು. ಮುಗಿದ ಮೇಲೆ ಎಲ್ಲರೂ ಚೆನ್ನಾಗಿದೆ ಎಂದರು. ತಿಲಕ್ ನಗರದಿಂದ ಬರುವವರೊಬ್ಬರು ಕೋಲಿನ ಮೇಲೆ ಗದ್ದವೂರಿ, "ಅವಳು ತವರಲ್ಲೇ ಉಳಿದ್ಲಾ? ಆಮೇಲೆ ಏನಾಯ್ತು?" ಎಂದು ಕೇಳಿದರು.

ಆ ಆಮೇಲಿನದು ಎಷ್ಟೋ ಇತ್ತು. ಚಳಿಗಾಲಕ್ಕೊಂದರಂತೆ ನಾನೇ ಎದುರಿಗೆ ಕೂತು ಕೇಳಿದ್ದೆ. ತಲೆ ಬಾಚಿದ್ದು ನೆನಪಿದೆ, ಜೋಯಿಸರ ಕೆಮ್ಮು ನೆನಪಿದೆ. ಉಳಿದದ್ದಕ್ಕೆ ಕೈಹಾಕಿದರೆ ಅಕ್ಕನ ದನಿ ಮಾತ್ರ ಸಿಗುತ್ತದೆ, ಮಾತು ಸಿಗುವುದಿಲ್ಲ. ಮರೆತುಹೋಗಿದೆ ಕಣ್ರೀ ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಪರವಾಗಿಲ್ಲ ಬಿಡಿ ಎಂದು ನನ್ನ ಕೈ ತಟ್ಟಿದರು. ಅಷ್ಟರಲ್ಲಿ ಬೆಂಚಿನ ಮೇಲೆ ಬಿಸಿಲು ಬಂತು. ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದೆವು.